ಬಟ್ಟೆಯೊಳಗಿನ ಬೀಗ

ಆ ಬಡಾವಣೆಯ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಯಾರೂ ದಾರಿ ಕೇಳಬೇಕಾಗಿರಲಿಲ್ಲ. ಬಸ್ ಡಿಪೋದ ಹಿಂದಿನ ಬೀದಿಗೆ ಬಂದು ಸುಮ್ಮನೆ ಕಿವಿಗೊಟ್ಟು ನಿಂತರೆ ಸಾಕು, ಬಸ್ಸುಗಳ ಸದ್ದನ್ನೂ ಮೀರಿಸಿ ಒಂದು ಹೆಂಗಸಿನ ದನಿ ಕೇಳಿಬರುತ್ತಿತ್ತು. "ಏನಮ್ಮಾ, ಸೂಜಿ ಹಾಕಿಸೋಕೆ ಕರೆದರೆ ಮೊಲದ ಹಾಗೆ ಬಿಲ ಸೇರ್ಕೋತೀಯಲ್ಲ! ಮಗು ಬೇಕು, ಮಗುವಿನ ಉಸಾಬರಿ ಬೇಡ, ಅಲ್ವಾ?" ಆ ದನಿ ಹಿಡಿದು ನಡೆದವರು ಸೀದಾ ಕೇಂದ್ರದ ಬಾಗಿಲಿಗೇ ಬಂದು ನಿಲ್ಲುತ್ತಿದ್ದರು.

ದನಿಯ ಒಡತಿ ಅಲ್ಲಿನ ಹಿರಿಯ ನರ್ಸು. ಎದುರಿಗೆ ಎಲ್ಲರೂ 'ಅಮ್ಮಾ' ಅನ್ನುತ್ತಿದ್ದರು, ಬೆನ್ನ ಹಿಂದೆ ಗುಡುಗಮ್ಮ. ಈ ಹೆಸರು ಅವರಿಗೂ ಗೊತ್ತಿತ್ತು. ಗೊತ್ತಾಗಿ ಬೇಸರಪಟ್ಟುಕೊಂಡವರೇನಲ್ಲ, ಒಳಗೊಳಗೇ ಸ್ವಲ್ಪ ಹೆಮ್ಮೆಯೇ ಇತ್ತು ಅನ್ನಿ.

ಹುಟ್ಟುತ್ತಲೇ ಗುಡುಗಿದವರೂ ಅಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದಾಗ ಪಕ್ಕದಲ್ಲಿ ಕೂತವರಿಗೂ ಅವರ ಮಾತು ಕೇಳುತ್ತಿರಲಿಲ್ಲವಂತೆ. ಮಕ್ಕಳನ್ನು ತೂಗುವ ಕೋಣೆಯ ಕಿಟಕಿ ಇರುವುದು ಸರಿಯಾಗಿ ಡಿಪೋದ ಕಡೆಗೆ. ಬಸ್ಸೊಂದು ಹಿಂದಕ್ಕೆ ಬಂದರೆ ಕಪಾಟಿನ ಬಾಟಲಿಗಳೆಲ್ಲ ಗಲಗಲ ಅನ್ನುತ್ತವೆ. ಅಂಥ ಕಡೆ ಮೆಲ್ಲಗೆ ಮಾತಾಡಿ ಯಾರನ್ನು ಉದ್ಧಾರ ಮಾಡುವುದು? ಕೇಳಿಸಲಿ ಎಂದು ದನಿ ಎತ್ತಿದರು. ಎತ್ತಿದ ದನಿಗೆ ಜನ ಹೆದರಿದರು. ಹೆದರಿದವರು ಹೇಳಿದ ಹಾಗೆ ಕೇಳಿದರು. ಅಲ್ಲಿಂದಾಚೆಗೆ ಆ ದನಿ ಇಳಿಯಲೇ ಇಲ್ಲ.

ಒಂದು ವರ್ಷ ಊರಿಗೆಲ್ಲ ದಡಾರ ಹರಡಿತ್ತು. ಬೇರೆ ಬಡಾವಣೆಗಳಲ್ಲಿ ಮಕ್ಕಳು ತೀರಿಹೋದವು, ಇವರ ಬೀದಿಗಳಲ್ಲಿ ಒಂದೂ ಹೋಗಲಿಲ್ಲ. ಯಾಕೆಂದರೆ ಗುಡುಗಮ್ಮ ಮನೆಮನೆಗೂ ಹೋಗಿ, ಬೈದು, ಜಗಳ ಕಾದು, ಕೆಲವು ಅಪ್ಪಂದಿರ ಮೈಚಳಿ ಬಿಡಿಸಿ, ತಾಯಂದಿರನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದು ಮಕ್ಕಳಿಗೆ ಸೂಜಿ ಹಾಕಿದ್ದರು. ಬೈದರೆ ಮಕ್ಕಳು ಉಳಿಯುತ್ತವೆ ಎಂಬುದು ಆವತ್ತಿನಿಂದ ಅವರ ಮನಸ್ಸಿನಲ್ಲಿ ಕಲ್ಲಲ್ಲಿ ಕೆತ್ತಿದ ಹಾಗೆ ಕೂತುಬಿಟ್ಟಿತು. ಅದನ್ನು ಪೂರಾ ಸುಳ್ಳು ಅನ್ನುವ ಹಾಗೂ ಇಲ್ಲ, ನೋಡಿ. ಇವತ್ತಿಗೂ ಆ ಬೀದಿಗಳಲ್ಲಿ ಮೀಸೆ ಬಂದ ಹುಡುಗರು ಅವರನ್ನು ಕಂಡರೆ ಸೈಕಲ್ ಇಳಿದು ನಿಲ್ಲುತ್ತಾರೆ.

ಮನೆಯಲ್ಲಿ ಗಂಡ ಒಬ್ಬರೇ. ಟೈಲರ್ ಕೆಲಸ ಮಾಡಿ ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿದವರು. ಹೆಂಡತಿ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ, "ಇವತ್ತು ಎಷ್ಟು ಜನರಿಗೆ ನೀರಿಳಿಸಿ ಬಂದೆ, ಮಾರಾಯ್ತಿ?" ಎಂದು ಕೇಳುವರು. ನೆರೆಯವರು ಅಯ್ಯೋ ಪಾಪ ಎಂಬಂತೆ ನೋಡಿದರೆ, "ನನ್ನ ಕಿವಿ ಚೆನ್ನಾಗೇ ಇದೆ ಸ್ವಾಮಿ, ಯಾವಾಗ ಕೇಳಬಾರದು ಅಂತಲೂ ಅದಕ್ಕೆ ಗೊತ್ತಿದೆ," ಎಂದು ನಗುವರು. ಮಗಳು ಮದುವೆಯಾಗಿ ಬೇರೆ ಕಡೆ ಇದ್ದಳು. ಅವಳು ಮಾತ್ರ ನಗುತ್ತಿರಲಿಲ್ಲ. "ಅಮ್ಮಾ, ನಿನ್ನ ಹತ್ತಿರ ಏನಾದರೂ ಹೇಳಬೇಕು ಅಂದರೆ ಮೊದಲು ಕನ್ನಡಿ ಮುಂದೆ ಅಭ್ಯಾಸ ಮಾಡ್ಕೊಂಡು ಬರಬೇಕು," ಎಂದು ಒಮ್ಮೆ ಅಂದಿದ್ದಳು. ಆ ಮಾತನ್ನು ಗುಡುಗಮ್ಮ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟಿದ್ದರು.

ಇನ್ನು ತೂಕದ ದಿನದ ವಿಷಯ. ಛಾವಣಿಯ ಕೊಂಡಿಗೆ ಗಡಿಯಾರದಂಥ ದುಂಡು ಮುಖದ ತಕ್ಕಡಿ ನೇತುಹಾಕಿತ್ತು. ಅದರ ಕೆಳಗೆ ಬಟ್ಟೆಯ ಜೋಲಿ. ಮಗುವನ್ನು ಕೇಂದ್ರದ ಕೆಲಸದಾಕೆ ಆಯಾ ಜೋಲಿಗೆ ಇಳಿಸುವಳು, ಮುಳ್ಳು ಓಲಾಡಿ ನಿಲ್ಲುವುದು, ಗುಡುಗಮ್ಮ ತೂಕ ಕೂಗುವರು. ಹೋದ ತಿಂಗಳಿಗಿಂತ ಏರಿದ್ದರೆ ಮಗು ಸೂಜಿಯ ಸಾಲಿಗೆ, ಏರದಿದ್ದರೆ ತಾಯಿಗೆ ಬೈಗುಳ. ಮುಂದಿನ ತಿಂಗಳೂ ಏರದಿದ್ದರೆ ಆಚೆ ಕೋಣೆಯ ಡಾಕ್ಟರ ಹತ್ತಿರ. ತೂಗುವಾಗ ಮಗುವಿನ ಮೈಮೇಲೆ ಒಂದು ನೂಲೂ ಇರಕೂಡದು, ಅದು ಕಟ್ಟುನಿಟ್ಟು.

ಆ ಸಲದ ಚಳಿಯಲ್ಲಿ ಕಿಟಕಿಯ ಗಾಜು ಒಡೆಯಿತು. ಮೇಲಿನ ಕಚೇರಿಗೆ ಬರೆದು ಬರೆದು ಕೈ ಸೋತಿತೇ ಹೊರತು ಗಾಜು ಬರಲಿಲ್ಲ. ರಟ್ಟು ಅಡ್ಡ ಇಟ್ಟರೂ ಸಂದಿಯಿಂದ ಗಾಳಿ ನುಗ್ಗಿ ಬತ್ತಲೆ ಮಕ್ಕಳು ನಡುಗುತ್ತಿದ್ದವು. ಗುಡುಗಮ್ಮನಿಗೆ ಅಯ್ಯೋ ಅನ್ನಿಸಿತು. ಗುಡುಗಿಗೂ ಕರುಳಿತ್ತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. "ಒಂದು ಬಟ್ಟೆ ಸುತ್ತಿಕೊಂಡೇ ತೂಗಿಸ್ರಮ್ಮಾ, ಬಟ್ಟೆಯ ತೂಕ ನಾನು ಕಳೀತೀನಿ," ಎಂದು ಅಪ್ಪಣೆ ಕೊಟ್ಟರು. ಎಷ್ಟು ಕಳೆಯುವುದು? ಅವರ ಕಣ್ಣಂದಾಜು. ಇಷ್ಟು ವರ್ಷ ತೂಗಿದ ಕಣ್ಣು, ಬಟ್ಟೆಯೊಂದರ ಮಟ್ಟಿಗೆ ತಪ್ಪೀತೇ ಎಂಬ ಧೈರ್ಯ.

ಆ ಚಳಿಯಲ್ಲೇ ಇಸ್ತ್ರಿಯವನ ಹೆಂಡತಿ ಮೊದಲ ಸಲ ಮಗುವನ್ನು ತಂದದ್ದು. ಚೊಚ್ಚಲ ಬಾಣಂತಿ, ಇನ್ನೂ ಹುಡುಗಿಯೇ. ಗಂಡ ಬೀದಿಬೀದಿಗೆ ಇಸ್ತ್ರಿ ಗಾಡಿ ತಳ್ಳುತ್ತಿದ್ದ. ತಾಯಿ, ಅತ್ತೆ ಯಾರೂ ಹತ್ತಿರ ಇರಲಿಲ್ಲ. ಮಗುವನ್ನು ಪುಟ್ಟಿ ಎಂದು ಕರೆಯುತ್ತಿದ್ದಳು. ಪುಟ್ಟಿಯನ್ನು ಜೋಲಿಗೆ ಇಳಿಸಿದರೆ ಮುಳ್ಳು ಅಲುಗಿತೋ ಇಲ್ಲವೋ ಎನ್ನುವಂತಿತ್ತು.

"ಇದೇನಮ್ಮಾ, ಹುಟ್ಟಿದಾಗ ಇದ್ದಷ್ಟೇ ಇದೆ? ಹಾಲು ಕುಡಿಸ್ತೀಯೋ, ಬರೀ ಮುದ್ದಾಡ್ತೀಯೋ?"

"ಕುಡಿಸ್ತೀನಿ ಅಮ್ಮಾ. ಆದರೆ ಕುಡಿಯುವಾಗ ಇವಳಿಗೆ..."

ಹೊರಗೆ ಬಸ್ಸೊಂದು ಹಿಂದಕ್ಕೆ ಬಂತು. ಹುಡುಗಿಯ ದನಿ ಅದರಲ್ಲಿ ಮುಳುಗಿತು. ಗುಡುಗಮ್ಮ, "ಜೋರಾಗಿ ಹೇಳು!" ಎಂದರು. ಹುಡುಗಿ ಬೆಚ್ಚಿ ಬಾಯಿ ಮುಚ್ಚಿದಳು.

"ನೋಡು, ಸಬೂಬು ಹೇಳಬೇಡ. ಸಬೂಬು ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಗಿದೆ. ಘಳಿಗೆಗೊಮ್ಮೆ ಎದೆಗೆ ಹಾಕ್ಕೋ. ಮುಂದಿನ ತಿಂಗಳು ತೂಕ ಏರಲಿಲ್ಲವೋ, ದೊಡ್ಡಾಸ್ಪತ್ರೆಗೆ ಕಳಿಸಿಬಿಡ್ತೀನಿ. ಸಾಕೋಕೆ ಬಾರದವರ ಮಕ್ಕಳನ್ನ ಅವರೇ ಇಟ್ಕೋತಾರೆ, ಗೊತ್ತಿರಲಿ!"

ಸಾಲಿನಲ್ಲಿದ್ದ ಹೆಂಗಸರು ಕಿಸಕ್ಕೆಂದರು. ಇಟ್ಟುಕೊಳ್ಳುವ ಮಾತು ಗುಡುಗಮ್ಮ ಎಲ್ಲರಿಗೂ ಹೇಳುವ ಹೆದರಿಕೆ, ಎರಡನೆಯ ಮಗು ಹೆತ್ತವರು ಅದಕ್ಕೆ ಸೊಪ್ಪು ಹಾಕುತ್ತಿರಲಿಲ್ಲ. ಈ ಹುಡುಗಿ ನಗಲಿಲ್ಲ. ಮಗುವನ್ನು ಅವಚಿಕೊಂಡು ತಲೆ ತಗ್ಗಿಸಿ ಹೊರಟುಹೋದಳು.

ಮುಂದಿನ ತಿಂಗಳು ಮುಳ್ಳು ಜಗ್ಗಿತು! ಬಟ್ಟೆಯ ತೂಕ ಕಳೆದರೂ ಚೆನ್ನಾಗಿಯೇ ಏರಿತ್ತು. ಗುಡುಗಮ್ಮ ಹಿರಿಹಿರಿ ಹಿಗ್ಗಿದರು. "ಇಲ್ಲಿ ನೋಡ್ರಮ್ಮಾ ಎಲ್ಲರೂ! ಈ ಚಿಕ್ಕ ಹುಡುಗಿಯನ್ನ ನೋಡಿ ಕಲೀರಿ. ಒಂದು ಸಲ ಹೇಳಿದ್ದಕ್ಕೆ ಹೇಗೆ ಸಾಕಿದಾಳೆ! ಭೇಷ್ ಮಗಳೇ!" ಎಂದು ಇಡೀ ಕೋಣೆಗೆ ಕೇಳುವ ಹಾಗೆ ಹೊಗಳಿದರು. ಡಾಕ್ಟರ ಕೋಣೆಗೆ ಕಳಿಸುವ ಮಾತೇ ಬರಲಿಲ್ಲ. ಆಯಾ ಮಗುವನ್ನು ಜೋಲಿಯಿಂದ ಎತ್ತುವಾಗ ಏನೋ ಹೇಳುವವಳಂತೆ ಒಮ್ಮೆ ಗುಡುಗಮ್ಮನ ಕಡೆ ನೋಡಿದಳು, ಆಮೇಲೆ ಮಗುವನ್ನು ತಾಯಿಗೆ ಕೊಟ್ಟು ಸುಮ್ಮನಾದಳು.

ಅದರ ಮುಂದಿನ ತೂಕದ ದಿನ ನಡೆದದ್ದು ಇದು. ಪುಟ್ಟಿಯ ಸರದಿ ಬಂತು. ಆಯಾ ಬಟ್ಟೆ ಸಮೇತ ಎತ್ತಿ ಜೋಲಿಗೆ ಇಳಿಸಲು ಹೋದಳು. ಬಟ್ಟೆಯ ಮಡಿಕೆಯೊಂದು ಬಿಚ್ಚಿಕೊಂಡಿತು. ಠಣ್ ಎಂದು ಏನೋ ನೆಲಕ್ಕೆ ಬಿದ್ದು ಉರುಳಿ ಗುಡುಗಮ್ಮನ ಮೇಜಿನ ಕಾಲಿಗೆ ಬಡಿಯಿತು. ಬಗ್ಗಿ ನೋಡಿದರೆ ಬೀಗ. ಮನೆಯ ಬಾಗಿಲಿಗೆ ಹಾಕುವ, ಅಂಗೈ ತುಂಬುವ ಕಬ್ಬಿಣದ ಬೀಗ.

ಜೋಲಿಯಲ್ಲಿದ್ದ ಮಗುವಿನ ಮೈಮೇಲಿಂದ ಬಟ್ಟೆ ಜಾರಿತ್ತು. ಗುಡುಗಮ್ಮ ಆಗ ಪುಟ್ಟಿಯನ್ನು ಮೊದಲ ಸಲ ಸರಿಯಾಗಿ ನೋಡಿದರು. ಪಕ್ಕೆಲುಬುಗಳು ಒಂದೊಂದೂ ಕಾಣುತ್ತಿದ್ದವು. ಒಂದೊಂದು ಉಸಿರಿಗೂ ಪಕ್ಕೆಯ ಕೆಳಗಿನ ಚರ್ಮ ಒಳಕ್ಕೆ ಸೆಳೆದುಕೊಳ್ಳುತ್ತಿತ್ತು. ಅಷ್ಟು ಚಳಿಯಲ್ಲೂ ಹಣೆಯ ಮೇಲೆ ಬೆವರಿತ್ತು. ಮುಳ್ಳು ಎರಡು ತಿಂಗಳ ಹಿಂದೆ ಇದ್ದ ಜಾಗಕ್ಕಿಂತಲೂ ಕೆಳಗೆ ನಿಂತಿತ್ತು.

"ಏನೇ ಇದು!" ಎಂಬ ಕೂಗು ಅವರಿಗೆ ತಿಳಿಯದೆಯೇ ಹೊರಬಿತ್ತು. ಮಿಕ್ಕ ಮಾತು ಬಾಯಿಗೆ ಬರುವಷ್ಟರಲ್ಲಿ ಹುಡುಗಿ ಮಗುವನ್ನು ಜೋಲಿಯಿಂದ ಕಿತ್ತುಕೊಂಡು, ಸಾಲನ್ನು ಸೀಳಿಕೊಂಡು, ಬರಿಗಾಲಲ್ಲಿ ಓಡಿಬಿಟ್ಟಳು. ಅವಳ ಚಪ್ಪಲಿಗಳು ಬಾಗಿಲ ಬಳಿಯೇ ಉಳಿದವು.

"ಯಾರಾದರೂ ಹಿಡೀರಿ ಅವಳನ್ನ!"

ಯಾರೂ ಕದಲಲಿಲ್ಲ. ಗುಡುಗಮ್ಮ ಆಯಾಳ ಕಡೆ ತಿರುಗಿದರು. "ನಿನಗೆ ಗೊತ್ತಿತ್ತಾ?"

ಆಯಾ ನೆಲ ನೋಡಿದಳು. "ಹೋದ ತಿಂಗಳು ಬಟ್ಟೆಯೊಳಗೆ ಒದ್ದೆ ಟವೆಲ್ಲಿತ್ತು, ಅಮ್ಮಾ. ಕೈಗೆ ತಣ್ಣಗೆ ತಗುಲಿತು."

"ಮತ್ತೆ ಬೊಗಳೋಕೇನಾಗಿತ್ತು ನಿನಗೆ?"

"ಹೇಳಿದ್ದರೆ ಎಲ್ಲರ ಎದುರಿಗೆ ಅವಳ ಮಾನ ತೆಗೀತಿದ್ರಿ." ಆಯಾ ತಲೆ ಎತ್ತಿದಳು. ಇಷ್ಟು ವರ್ಷದಲ್ಲಿ ಅವಳು ಹೀಗೆ ತಲೆ ಎತ್ತಿದ್ದೇ ಇಲ್ಲ. "ಅವಳೊಬ್ಬಳೇ ಅಲ್ಲ. ಬಟ್ಟೆ ಸುತ್ತಬಹುದು ಅಂತ ನೀವು ಅಂದಾಗಿಂದ ಸುಮಾರು ಜನ ಹೀಗೇ ಮಾಡ್ತಾರೆ. ಬೇಕಾದರೆ ನೋಡಿ."

ಗುಡುಗಮ್ಮ ಸಾಲಿನ ಕಡೆ ನೋಡಿದರು. ಆಮೇಲೆ ಮುಂದೆ ನಿಂತಿದ್ದ ಹೆಂಗಸೊಬ್ಬಳು, ದುಂಡುದುಂಡಾದ ಮಗುವಿನ ತಾಯಿ, ಮಡಿಕೆಯೊಳಗೆ ಕೈ ಹಾಕಿ ಒಂದು ಕುಟ್ಟಾಣಿಯ ಗುಂಡನ್ನು ತೆಗೆದು ಮೇಜಿನ ಮೇಲೆ ಇಟ್ಟಳು. "ನಿಮ್ಮ ಬಾಯಿಗೆ ಹೆದರಿ, ಅಮ್ಮಾ," ಎಂದಳು. ಹಿಂದಿದ್ದವಳು ಒದ್ದೆ ಬಟ್ಟೆಯ ಉಂಡೆ ಇಟ್ಟಳು. ಬೇರೆ ದಿನವಾಗಿದ್ದರೆ ನಗುವಿನಿಂದ ಛಾವಣಿ ಹಾರಿಹೋಗುತ್ತಿತ್ತು. ಅವತ್ತು ಯಾರಿಗೂ ನಗು ಬರಲಿಲ್ಲ. ನನ್ನ ಬೈಗುಳಕ್ಕೆ ಏರಿದ್ದು ಮಕ್ಕಳ ತೂಕವಲ್ಲ, ಬಟ್ಟೆಯ ತೂಕ ಎಂದು ಗುಡುಗಮ್ಮನಿಗೆ ಅರ್ಥವಾಯಿತು.

"ತೂಕ ನಿಲ್ಲಿಸಿ," ಎಂದರು. ಬೀಗವನ್ನು ಎತ್ತಿಕೊಂಡರು. ಬಾಗಿಲ ಬಳಿ ಬಿದ್ದಿದ್ದ ಚಪ್ಪಲಿಗಳನ್ನೂ ಎತ್ತಿಕೊಂಡರು. "ಅವಳ ಮನೆ ತೋರಿಸು ಬಾ," ಎಂದು ಆಯಾಳಿಗೆ ಹೇಳಿ ಬೀದಿಗಿಳಿದರು.

ನಡೆಯುತ್ತಾ ಅವರ ತಲೆಯಲ್ಲಿ ಇದ್ದದ್ದು ಒಂದೇ. ಆ ಮಗುವನ್ನು ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸಬೇಕು. ನಾಳೆಗೆಂದರೆ ಉಳಿಯುವುದಿಲ್ಲ. ಆದರೆ ಆ ಹುಡುಗಿ ಯಾವ ಆಸ್ಪತ್ರೆಗೆ ಹೆದರಿ ಓಡಿದಳೋ ಅದೇ ಆಸ್ಪತ್ರೆಗೆ ಅವಳನ್ನು ಕರೆದುಕೊಂಡು ಹೋಗಬೇಕು, ಆ ಹೆದರಿಕೆ ಹುಟ್ಟಿಸಿದ ಬಾಯಿಯಿಂದಲೇ ಕರೆಯಬೇಕು.

ಸಾಲು ಕೋಣೆಗಳ ಕೊನೆಯಲ್ಲಿ ಅವಳ ಮನೆ. ಅಂಗಳದ ನಲ್ಲಿಯ ಬಳಿ ಬಿಂದಿಗೆಗಳು ಸಾಲಾಗಿದ್ದವು. ಬಾಗಿಲ ಚಿಲಕ ಖಾಲಿ ನೇತಾಡುತ್ತಿತ್ತು, ಬೀಗ ಗುಡುಗಮ್ಮನ ಕೈಯಲ್ಲೇ ಇತ್ತಲ್ಲ. ಒಳಗಿನಿಂದ ಅಗುಳಿ ಹಾಕಿತ್ತು. ಮಗು ಕ್ಷೀಣವಾಗಿ ಅಳುವುದು ಕೇಳಿಸುತ್ತಿತ್ತು.

ಗುಡುಗಮ್ಮ ಬಾಗಿಲು ಬಡಿದರು. "ಏ ಹುಡುಗಿ, ಬಾಗಿಲು ತೆಗಿ! ಮಗುವಿನ ಜೀವ ಹೋಗತ್ತೆ, ತಲೆ ಇದೆಯಾ ನಿನಗೆ? ತೆಗಿ ಅಂದೆ!"

ಒಳಗೆ ಅಳು ಥಟ್ಟನೆ ನಿಂತಿತು. ಸದ್ದಾಗದಿರಲೆಂದು ತಾಯಿ ಮಗುವಿನ ಬಾಯಿಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಹೀಗೆ ಕೂಗಿದರೆ ಅವಳು ಸತ್ತರೂ ತೆಗೆಯಲ್ಲ, ಅಮ್ಮಾ," ಎಂದು ಆಯಾ ಪಿಸುಗುಟ್ಟಿದಳು.

ಗುಡುಗಮ್ಮ ಎತ್ತಿದ ಕೈ ಇಳಿಸಿದರು. ಬೇರೆ ಹೇಗೆ ಕರೆಯಬೇಕು ಎಂಬುದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬೈಯದೆ ಮಾತಾಡುವುದು ಮರೆತೇ ಹೋಗಿತ್ತು. ಮೊಣಕಾಲು ಹಿಡಿದುಕೊಂಡು ಹೊಸ್ತಿಲ ಮೇಲೆ ಕೂತರು. ಬಾಗಿಲಿಗೆ ತಲೆ ಆನಿಸಿದರು. ನಲ್ಲಿಯ ಬಳಿಯಿದ್ದ ಹೆಂಗಸರು ಗುಡುಗಮ್ಮ ನೆಲಕ್ಕೆ ಕೂತಿದ್ದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದರು.

"ಮಗಳೇ," ಎಂದರು. ದನಿ ಅವರಿಗೇ ಅಪರಿಚಿತವಾಗಿ ಕೇಳಿಸಿತು. "ಅವತ್ತು ಮೊದಲ ಸಲ ಬಂದಾಗ ನೀನೇನೋ ಹೇಳೋಕೆ ಹೊರಟಿದ್ದೆ. ಕುಡಿಯುವಾಗ ಇವಳಿಗೆ ಅಂದೆ. ನಾನು ಬಿಡಲಿಲ್ಲ. ಕುಡಿಯುವಾಗ ಇವಳಿಗೆ ಏನಾಗ್ತಿತ್ತು?"

ಗುಡುಗಮ್ಮ ಕಾದರು. ಅವರು ಹೀಗೆ ಯಾರ ಉತ್ತರಕ್ಕೂ ಕಾದವರಲ್ಲ, ಅದು ಎಷ್ಟು ಕಷ್ಟದ ಕೆಲಸ ಎಂದು ಅವತ್ತೇ ತಿಳಿದದ್ದು. ಬಿಂದಿಗೆಯೊಂದು ತುಂಬಿ ನೀರು ಸುರಿದುಹೋಯಿತು. ಯಾರೂ ನಲ್ಲಿ ನಿಲ್ಲಿಸಲಿಲ್ಲ.

"ಬೆವರ್ತಾಳೆ," ಎಂದಿತು ಬಾಗಿಲ ಆಚೆಯ ದನಿ.

"ಹೂಂ. ಆಮೇಲೆ?"

"ಎರಡು ಗುಟುಕು ಕುಡಿದು ಬಿಟ್ಟುಬಿಡ್ತಾಳೆ. ಓಡಿಬಂದವರ ಹಾಗೆ ಏದುಸಿರು ಬಿಡ್ತಾಳೆ. ಮತ್ತೆ ಎರಡು ಗುಟುಕು. ಆಮೇಲೆ ಸುಸ್ತಾಗಿ ನಿದ್ದೆ. ಎದೆ ತುಂಬಾ ಹಾಲಿದೆ ಅಮ್ಮಾ, ನಾನು ಕುಡಿಸ್ತೀನಿ, ಆಣೆ ಮಾಡಿ ಹೇಳ್ತೀನಿ. ಇವಳ ಕೈಲಿ ಕುಡಿಯೋಕೇ ಆಗಲ್ಲ. ತುಟಿ ಒಂದೊಂದು ಸಲ ನೀಲಿಯಾಗತ್ತೆ." ಮಾತು ಅಳುವಿಗೆ ತಿರುಗಿತು. "ಅವತ್ತೇ ಹೇಳೋಣ ಅಂತ ಬಂದಿದ್ದೆ."

ಗುಡುಗಮ್ಮ ಕಣ್ಣು ಮುಚ್ಚಿಕೊಂಡರು. ಎದೆಯ ತೊಂದರೆ. ಕುಡಿಯುವಾಗ ಬೆವರುವ ಮಗು ಎಂದರೆ ತರಬೇತಿಗೆ ಬಂದ ಹೊಸ ಹುಡುಗಿಗೂ ಹೊಳೆಯುವ ವಿಷಯ. ಆ ಮಾತು ಬಾಯಿಂದ ಹೊರಡುವಾಗ ಇವರು 'ಸಬೂಬು' ಎಂದಿದ್ದರು. ಎರಡು ತಿಂಗಳು ತಕ್ಕಡಿಯ ಮುಳ್ಳು ನೋಡಿದರೇ ಹೊರತು ಮಗುವನ್ನು ನೋಡಿರಲಿಲ್ಲ. ಅಳು ಒತ್ತರಿಸಿ ಬಂತು. ಹಲ್ಲು ಕಚ್ಚಿ ತಡೆದರು, ಅಳುವುದಕ್ಕೆ ಅದು ಹೊತ್ತಲ್ಲ.

"ನಿನ್ನದೇನೂ ತಪ್ಪಿಲ್ಲ, ಮಗಳೇ. ನೀನು ಸರಿಯಾಗೇ ಸಾಕಿದ್ದೀಯ. ಪುಟ್ಟಿಯ ಎದೆಯಲ್ಲಿ ಏನೋ ತೊಂದರೆಯಿದೆ. ಡಾಕ್ಟರು ನೋಡಬೇಕು, ಇವತ್ತೇ ನೋಡಬೇಕು."

"ಅವರು ಇಟ್ಕೊಂಡುಬಿಡ್ತಾರೆ."

"ಇಲ್ಲ. ಯಾರೂ ಇಟ್ಕೊಳ್ಳಲ್ಲ. ಅದು ನಾನು ಹೆದರಿಸೋಕೆ ಹೇಳಿದ ಸುಳ್ಳು. ನಾನೇ ಜೊತೆಗೆ ಬರ್ತೀನಿ. ನಾನೇ ವಾಪಸ್ ನಿನ್ನ ಮನೆಗೆ ಕರಕೊಂಡು ಬಂದು ಬಿಡ್ತೀನಿ. ನನ್ನ ಮಾತು ನಂಬು."

ಅಗುಳಿ ಸರಿಯಿತು. ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಗುಡುಗಮ್ಮ ಮೊದಲು ಅವಳ ಚಪ್ಪಲಿಗಳನ್ನು ಕಾಲ ಬಳಿ ಇಟ್ಟರು, ಆಮೇಲೆ ಪುಟ್ಟಿಯನ್ನು ಎತ್ತಿಕೊಂಡರು. ಎಷ್ಟು ಹಗುರ! ತಕ್ಕಡಿ ಬೇಕಾಗಿಯೇ ಇರಲಿಲ್ಲ. ಮನೆ ಕಾಯಲು ನೆರೆಯವಳಿಗೆ ಹೇಳಿ, ಇಸ್ತ್ರಿಯವನನ್ನು ಹುಡುಕಲು ಆಯಾಳನ್ನು ಕಳಿಸಿ, ಆಟೋ ಹತ್ತಿದರು.

ದೊಡ್ಡಾಸ್ಪತ್ರೆಯಲ್ಲಿ ಗುಡುಗಮ್ಮ ಇನ್ನೊಮ್ಮೆ ಗುಡುಗಿದರು. ಚೀಟಿ ಬರೆಯುವವನ ಹತ್ತಿರ, ಬಾಗಿಲು ಕಾಯುವವನ ಹತ್ತಿರ, 'ಸಾಲಿನಲ್ಲಿ ಬನ್ನಿ' ಎಂದ ಪ್ರತಿಯೊಬ್ಬರ ಹತ್ತಿರ. ಆ ಗುಡುಗಿಗೆ ಯಾರೂ ತಪ್ಪು ಹೇಳುವಂತಿಲ್ಲ, ಅದರಿಂದಲೇ ಮಗು ಅಂದು ಸಂಜೆಯೊಳಗೆ ಡಾಕ್ಟರ ಕೈ ಸೇರಿದ್ದು. ಹೃದಯದಲ್ಲಿ ತೂತಿದೆ ಎಂದರು. ಪುಪ್ಪುಸಕ್ಕೂ ಸೋಂಕು ಇಳಿದಿದೆ ಎಂದರು. "ಇಂಥ ಮಕ್ಕಳಿಗೆ ಔಷಧಿ ಕೊಟ್ಟು, ತೂಕ ಬರಿಸಿ, ಆಪರೇಷನ್ ಮಾಡ್ತೀವಿ. ಚೆನ್ನಾಗೇ ಬದುಕ್ತಾರೆ. ಸ್ವಲ್ಪ ಮೊದಲೇ ತಂದಿದ್ದರೆ..." ಎಂದು ಆ ಚಿಕ್ಕ ಪ್ರಾಯದ ಡಾಕ್ಟರು, ಹುಡುಗಿಯ ಮುಖ ನೋಡಿ ಮಾತು ನುಂಗಿಕೊಂಡರು. ನುಂಗಿದ್ದು ಹುಡುಗಿಗಾಗಿ. ನಾಟಿದ್ದು ಗುಡುಗಮ್ಮನಿಗೆ.

ಕೆಲಸ ಮುಗಿದ ಮೇಲೆ ದಿನಾ ಆಸ್ಪತ್ರೆಗೆ ಹೋದರು. ಹುಡುಗಿಗೆ ಊಟ ಒಯ್ದರು. ಮಗು ಮಂಚದಲ್ಲಿ, ಮೂಗಿಗೆ ಸಣ್ಣ ನಳಿಗೆ. ಹುಡುಗಿ ಅದರ ಪಾದ ಹಿಡಿದು ಕೂತಿರುತ್ತಿದ್ದಳು. ಒಂದು ಸಂಜೆ ಪುಟ್ಟಿ ಕಣ್ಣು ಬಿಟ್ಟು ಗುಡುಗಮ್ಮನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. "ನಿಮ್ಮನ್ನ ಕಂಡರೆ ಇವಳಿಗೆ ಹೆದರಿಕೆಯೇ ಇಲ್ಲ, ಅಮ್ಮಾ," ಎಂದು ಹುಡುಗಿ ನಕ್ಕಳು. ಅವಳು ನಕ್ಕದ್ದನ್ನು ಅವರು ಕಂಡದ್ದು ಅದೊಂದೇ ಸಲ.

ಅದಾದ ಕೆಲವು ದಿನಗಳಿಗೆ, ಕೇಂದ್ರದ ಬಾಗಿಲಲ್ಲಿ ಇಸ್ತ್ರಿಯವನು ಬಂದು ನಿಂತ. ಪುಟ್ಟಿಯ ಬಟ್ಟೆ ಮಡಿಸಿದ್ದು ಅವನ ಕೈಯಲ್ಲಿತ್ತು, ಪುಟ್ಟಿ ಇರಲಿಲ್ಲ. ಗುಡುಗಮ್ಮ ಕೈಯಲ್ಲಿದ್ದ ಸೂಜಿಯನ್ನು ತಟ್ಟೆಗಿಟ್ಟು ಗೋಡೆಯ ಕಡೆ ತಿರುಗಿ ನಿಂತರು. ಅವರ ಹೆಗಲು ಅಲುಗುವುದನ್ನು ಸಾಲಿನಲ್ಲಿದ್ದವರೆಲ್ಲ ನೋಡಿದರು.

ಆಮೇಲೆ ಕೇಂದ್ರದಲ್ಲಿ ದನಿ ಕೇಳದಾಯಿತು. ಮಕ್ಕಳನ್ನು ಮತ್ತೆ ಬತ್ತಲೆ ತೂಗತೊಡಗಿದರು. ಕಿಟಕಿಗೆ ಗಂಡ ತಮ್ಮ ಹಳೆಯ ಹೊಲಿಗೆ ಯಂತ್ರದಲ್ಲಿ ದಪ್ಪ ಪರದೆ ಹೊಲಿದುಕೊಟ್ಟರು. ಇದನ್ನು ಮೊದಲೇ ಮಾಡಬಹುದಿತ್ತಲ್ಲ ಎಂದು ನಿಮಗೆ ಅನ್ನಿಸಬಹುದು. ಅವರಿಗೂ ಅನ್ನಿಸಿತು, ಪರದೆ ಸರಿಸುವಾಗಲೆಲ್ಲ ಅನ್ನಿಸಿತು. ಮನೆಯಲ್ಲಿ ಗಂಡನಿಗೆ ಆ ಮೌನ ತಡೆಯಲಾಗಲಿಲ್ಲ. "ನನಗಾದರೂ ನಾಲ್ಕು ಬೈಯ್ಯೇ," ಎಂದರು. ಗುಡುಗಮ್ಮ ತಟ್ಟೆಯ ಮುಂದೆ ಕೂತು, "ಪುಟ್ಟಿಯನ್ನ ವಾಪಸ್ ಮನೆಗೆ ಬಿಡ್ತೀನಿ ಅಂತ ಮಾತು ಕೊಟ್ಟಿದ್ದೆ ಕಣ್ರೀ," ಎಂದು ಗೋಳೋ ಎಂದು ಅತ್ತರು. ಗಂಡ ಅವರ ತಟ್ಟೆ ಪಕ್ಕಕ್ಕೆ ಸರಿಸಿ ಹತ್ತಿರ ಕೂತುಕೊಂಡರು.

ಚಳಿ ಕಳೆದು ಬಿಸಿಲು ಬಂತು. ಒಂದು ತೂಕದ ದಿನ ಇಸ್ತ್ರಿಯವನ ಹೆಂಡತಿ ಬಾಗಿಲಲ್ಲಿ ಕಾಣಿಸಿದಳು. ಕೈ ಖಾಲಿ. ಸಾಲಿನಲ್ಲಿದ್ದವರು ಸರಿದು ದಾರಿ ಬಿಟ್ಟರು. ಗುಡುಗಮ್ಮ ಎದ್ದು ನಿಂತರು. ಬೈದರೆ ಬೈಸಿಕೊಳ್ಳಬೇಕು, ಉಗಿದರೆ ಉಗಿಸಿಕೊಳ್ಳಬೇಕು ಎಂದು ಎಂದೋ ನಿರ್ಧರಿಸಿಕೊಂಡಿದ್ದರು.

"ನಮ್ಮ ಬೀಗ ನಿಮ್ಮ ಹತ್ತಿರ ಉಳಿದಿತ್ತು, ಅಮ್ಮಾ," ಎಂದಳು ಹುಡುಗಿ. "ಇದ್ದರೆ ಕೊಡಿ. ನಾನೂ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದೀನಿ. ಹಗಲು ಮನೇಲಿ ಯಾರೂ ಇರಲ್ಲ."

ಬೀಗ ಮೇಜಿನ ಖಾನೆಯಲ್ಲೇ ಇತ್ತು. ಗುಡುಗಮ್ಮ ಅದನ್ನು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. "ಮಗಳೇ, ನಾನು ನಿನಗೆ..." ಎಂದರು.

ಹುಡುಗಿ ಬೀಗವನ್ನು ನೋಡುತ್ತ ನಿಂತಳು. "ನೀವು ಹೇಳಿದ್ದು ಸುಳ್ಳಾಗಲಿಲ್ಲ, ಅಮ್ಮಾ. ಅವರು ಇಟ್ಕೊಂಡೇಬಿಟ್ಟರು," ಎಂದಳು. ಕೊಂಕಿರಲಿಲ್ಲ ಆ ಮಾತಿನಲ್ಲಿ, ಸಿಟ್ಟೂ ಇರಲಿಲ್ಲ. ಅದಕ್ಕೇ ಗುಡುಗಮ್ಮನಿಗೆ ಅದು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಜೋಲಿಯ ಹತ್ತಿರ ಹೊಸ ಬಾಣಂತಿಯೊಬ್ಬಳು ನಿಂತಿದ್ದಳು, ಮೊದಲ ಸಲ ಬಂದವಳು. ಅವಳ ಮಗುವನ್ನು ತೂಗಿಯಾಗಿತ್ತು. ಅವಳು ಮೆಲ್ಲಗೆ, "ಇವನು ರಾತ್ರಿ ಹೊತ್ತು..." ಎಂದು ಶುರುಮಾಡಿ, ಎಲ್ಲರ ಮುಖ ನೋಡಿ, "ಏನಿಲ್ಲ ಬಿಡಿ," ಎಂದು ಮಗುವನ್ನು ಸುತ್ತಿಕೊಳ್ಳತೊಡಗಿದಳು.

ಹೊರಡಲು ತಿರುಗಿದ್ದ ಇಸ್ತ್ರಿಯವನ ಹೆಂಡತಿ ನಿಂತಳು. ಬೀಗ ಹಿಡಿದ ಕೈಯಲ್ಲೇ ಆ ಬಾಣಂತಿಯ ತೋಳು ಮುಟ್ಟಿದಳು.

"ಹೇಳು. ಪೂರ್ತಿ ಹೇಳು," ಎಂದಳು. "ಅರ್ಧಕ್ಕೆ ಬಿಡಬೇಡ."

ಬಾಣಂತಿ ಬಾಯಿ ತೆರೆದಳು. ಅಷ್ಟರಲ್ಲಿ ಡಿಪೋದಲ್ಲಿ ಬಸ್ಸೊಂದು ಹಿಂದಕ್ಕೆ ಬಂತು. ಕಪಾಟಿನ ಬಾಟಲಿಗಳು ಗಲಗಲ ಅಂದವು, ಅವಳ ತುಟಿ ಅಲುಗಿದ್ದು ಕಂಡಿತೇ ಹೊರತು ಮಾತು ಕೇಳಲಿಲ್ಲ. ಸಾಲಿನವರೆಲ್ಲ ಗುಡುಗಮ್ಮನ ಕಡೆ ನೋಡಿದರು. ಗುಡುಗಮ್ಮ ಮೇಜು ಸುತ್ತಿಕೊಂಡು ಬಂದರು. ಸೊಂಟ ಬಗ್ಗಿಸಿ, ಆ ಬಾಣಂತಿಯ ಬಾಯಿಯ ಹತ್ತಿರ ತಮ್ಮ ಕಿವಿಯಿಟ್ಟು ನಿಂತರು.